ನಡೆದಾಡುವ ಮೆಷಿನ್ನು, ಕೂತ ಗಂಡ

ಬಸ್ ಡಿಪೋದ ನಿವೃತ್ತ ಟೈಮ್‌ಕೀಪರ್ ಸಾಹೇಬರಿಗೆ ಸಂಸಾರದ ಮೇಲಿದ್ದ ದೂರು ಒಂದೇ. ಹೆಂಡತಿ ತಮ್ಮನ್ನು ಗಂಡನ ಹಾಗೆ ನಡೆಸಿಕೊಳ್ಳದೆ ತೂಕದ ಕಲ್ಲಿನ ಹಾಗೆ ಬಳಸಿಕೊಂಡಳು ಎಂಬುದು.

ಅವರ ಮನೆಯ ಬಟ್ಟೆ ಒಗೆಯುವ ಮೆಷಿನ್ನು ಒಗೆಯುವ ತನಕ ಸಾಧು. ಹಿಂಡುವ ಹಂತಕ್ಕೆ ಬಂದಿತೋ, ಮೈಮೇಲೆ ಬಂದವರ ಹಾಗೆ ಕುಣಿದು, ಪೈಪು ಎಳೆದುಕೊಂಡು ಅಡುಗೆಮನೆಯ ಕಡೆಗೆ ಹೊರಟುಬಿಡುತ್ತಿತ್ತು. ಆಗ ಹೆಂಡತಿಯ ಕೂಗು ಕೇಳುತ್ತಿತ್ತು: "ರೀ, ಬನ್ನಿ, ಹೊರಟಿತು!" ಸಾಹೇಬರು ಸ್ಟೂಲು ಹತ್ತಿ, ಪೇಪರು ಹಿಡಿದು ಮೆಷಿನ್ನಿನ ಮೇಲೆ ವಿರಾಜಮಾನರಾಗಬೇಕು. (ಆ ಸಿಂಹಾಸನದ ಮೇಲೆ ಯಾವ ಸುದ್ದಿ ಓದಿದರೂ ಭೂಕಂಪದ ಸುದ್ದಿಯ ಹಾಗೇ ಕಾಣುತ್ತಿತ್ತಂತೆ.) "ಒಂದು ಡಿಪೋನೇ ಹಿಡಿದಿಟ್ಟ ಮನುಷ್ಯ ನಾನು, ಮನೇಲಿ ಬರೀ ಭಾರ," ಎಂದು ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದರು.

ಊರಿಗೆಲ್ಲ ಸಾರಲು ಅವರಿಗೆ ಪುರುಸೊತ್ತಿತ್ತು, ಏಕೆಂದರೆ ಕಾಲಿಗೆ ಚಕ್ರ ಕಟ್ಟಿಕೊಂಡ ಆಸಾಮಿ. "ಈ ಮನೆ ನಿಮಗೊಂದು ಸ್ಟಾಪು. ಎರಡು ನಿಮಿಷ ನಿಲ್ತೀರಿ, ರೈಟ್ ಅಂತ ಹೊರಡ್ತೀರಿ," ಎಂದು ಹೆಂಡತಿ ಗೊಣಗುತ್ತಿದ್ದಳು. ಮೆಷಿನ್ನಿನ ಮೇಲೆ ಕೂತಾಗ ಮಾತ್ರ ಹೊರಡುವಂತಿರಲಿಲ್ಲ. ಇವರು ಇಳಿದರೆ ಅದು ಹೊರಡುತ್ತಿತ್ತು. ಆಕೆ ಎದುರಿಗೆ ನಿಂತು ಬಟ್ಟೆ ಮಡಿಸುತ್ತಾ ತನ್ನ ಮಂಡಿನೋವು, ಪಕ್ಕದ ಮನೆಯ ಜಗಳ, ರಾತ್ರಿ ಕಂಡ ಕನಸು ಎಲ್ಲ ಹೇಳುತ್ತಿದ್ದಳು. ಇವರು ಹೂಂಗುಟ್ಟಿದರೆ ಮೆಷಿನ್ನಿನ ನಡುಕಕ್ಕೆ ಅದು "ಹೂ-ಹೂ-ಹೂಂ" ಎಂದು ಮೂರು ತುಂಡಾಗಿ ಬರುತ್ತಿತ್ತು. ಆಕೆಗೆ ಪ್ರತಿ ಸಲವೂ ನಗು.

ಹೋದ ವರ್ಷ ಆಕೆ ತೀರಿಕೊಂಡಳು. ಎದೆನೋವು ಎಂದಳು, ನೀರು ಕೇಳಿದಳು. ತರುವಷ್ಟರಲ್ಲಿ ಇರಲಿಲ್ಲ.

ಮೆಷಿನ್ನು ಉಳಿಯಿತು. ಅದರ ಮೇಲೆ ಕೂರುವುದನ್ನು ಸಾಹೇಬರೂ ಬಿಡಲಿಲ್ಲ. ಒಂದು ದಿನ ಸ್ಟೂಲು ಜಾರಿ, ಬೀಳುವುದು ಕೂದಲೆಳೆಯಲ್ಲಿ ತಪ್ಪಿದಾಗ, ಜೊತೆಯಲ್ಲೇ ಇದ್ದ ಮಗಳು ರೇಗಿದಳು.

"ಅಪ್ಪ, ಭಾನುವಾರ ಹೊಸಾ ಮೆಷಿನ್ ತರ್ತೀನಿ."

"ಇದಕ್ಕೇನಾಗಿದೆ? ಒಗೆಯುತ್ತಲ್ಲ?"

"ಒಗೆಯುತ್ತೆ, ಆಮೇಲೆ ವಾಕಿಂಗ್ ಹೋಗುತ್ತೆ!"

"ನಾನೂ ಹೋಗ್ತೀನಿ. ನನ್ನನ್ನೂ ಬದಲಾಯಿಸ್ತೀಯಾ?"

ಆದರೂ ಅಂಗಡಿಗೆ ಹೋಗಿ ನೋಡಿ ಬಂದರು. ಹೊಸದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂದೆ ಮುಂದೆ ತಡಕಿದರೂ ಬಿಚ್ಚುವುದಕ್ಕೆ ಒಂದು ಸ್ಕ್ರೂ ಕಾಣಲಿಲ್ಲ. ಕೆಟ್ಟರೆ ಏನು ಗತಿ ಎಂದು ಕೇಳಿದರೆ, "ಇನ್ನೊಂದು ತಗೊಳ್ಳೋದು ಸಾರ್," ಎಂದ ಅಂಗಡಿಯವನು, ಬಹಳ ಸಂತೋಷದಿಂದ. ಸಾಹೇಬರು ಅಲ್ಲಿಂದಲೇ ಹಿಂದಿರುಗಿದರು. ಮನೆಯ ಮೆಷಿನ್ನಿನ ಸ್ಕ್ರೂಗಳ ತಲೆ ಹೆಂಡತಿಯ ಕೈಯಲ್ಲೇ ಸವೆದಿತ್ತು. ಒಳಗೆ ಸಿಕ್ಕ ಕಾಲುಚೀಲ ತೆಗೆಯಲು, ಬೆಲ್ಟು ಬಿಗಿ ಮಾಡಲು, ಅಡುಗೆಮನೆಯ ಚಾಕುವಿನಿಂದಲೇ ಬಿಚ್ಚುತ್ತಿದ್ದಳು. ಮುಚ್ಚಳಕ್ಕೆ ಆಕೆ ಸುತ್ತಿದ ತಂತಿ ಇನ್ನೂ ಹಾಗೇ ಇತ್ತು. ಆ ಮೆಷಿನ್ನನ್ನು ಗುಜರಿಗೆ ಹಾಕುವುದನ್ನು ನೆನೆದರೇ ಅವರಿಗೆ ಅಳು ಬರುತ್ತಿತ್ತು.

ಶನಿವಾರ ಹಳೆಯ ಮೆಕ್ಯಾನಿಕ್‌ಗೆ ಹೇಳಿಕಳಿಸಿದರು. ಅವನು ಬಂದು ಮೆಷಿನ್ನನ್ನು ವಾಲಿಸಿ, ತಳಕ್ಕೆ ಕೈ ಹಾಕಿ ನೋಡಿದ.

"ಒಂದು ಕಾಲೇ ಇಲ್ಲ ಸಾರ್. ಅದಕ್ಕೇ ನಡೆಯುತ್ತೆ."

"ಕಾಲಿಲ್ಲದಿದ್ರೆ ನಿಲ್ಲಬೇಕಲ್ಲಯ್ಯಾ! ಇರಲಿ, ಹೊಸಾ ಕಾಲು ಸಿಗುತ್ತಾ?"

"ಹೊಸದ್ಯಾಕೆ? ಹಳೇದು ಅಮ್ಮನ ಹತ್ರಾನೇ ಇತ್ತಲ್ಲ. ಮೊದಲನೇ ಸಲ ನಡೆದಾಗಲೇ ಬಂದಿದ್ದೆ. ಸಡಿಲವಾಗಿ ಬಿದ್ದಿತ್ತು, ಎರಡು ನಿಮಿಷದ ಕೆಲಸ. ಹಾಕೋಕೆ ಹೋದ್ರೆ ಕೈಯಿಂದ ಕಿತ್ಕೊಂಡು ಗುಂಡಿ ಡಬ್ಬಿಗೆ ಹಾಕ್ಕೊಂಡ್ರು."

"ಯಾಕಂತೆ?"

ಮೆಕ್ಯಾನಿಕ್ ಮಗಳ ಮುಖ ನೋಡಿದ, ಗೋಡೆ ನೋಡಿದ. "ಇದು ನೆಟ್ಟಗೆ ನಿಂತ್ರೆ ನಮ್ಮ ಯಜಮಾನ್ರು ಕೂರಲ್ಲ ಕಣಪ್ಪ, ಅಂದ್ರು."

ಸಾಹೇಬರು ಒಳಗೆ ಹೋಗಿ ಡಬ್ಬಿ ತೆರೆದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಅಂಗಿಯ ಗುಂಡಿ ಹುಡುಕುವಾಗ ಎಷ್ಟೋ ಸಲ ಇದೇ ಕಪ್ಪು ರಬ್ಬರಿನ ಕಾಲು ಅವರ ಕೈಗೆ ಸಿಕ್ಕಿತ್ತು. ಇದೇನೇ ಎಂದು ಕೇಳಿದರೆ, "ಯಾವುದರದ್ದೋ, ಇರಲಿ ಬಿಡಿ," ಎನ್ನುತ್ತಿದ್ದಳು. ಮೆಷಿನ್ನನ್ನು ತಾವು ಹಿಡಿದಿಟ್ಟಿದ್ದೇವೆ ಎಂದು ಇಷ್ಟು ವರ್ಷ ಬೀಗಿದ್ದರು. ಆಕೆ ಹಿಡಿದಿಟ್ಟಿದ್ದು ತಮ್ಮನ್ನೇ ಎಂದು ಈಗ ತಿಳಿಯಿತು. ಡಬ್ಬಿಯ ಮುಂದೆ ಕೂತು ಅತ್ತರು. ಹೊರಗೆ ಬರುವಾಗ ಜೋರಾಗಿ ಮೂಗು ಸೀಟಿ, "ಧೂಳು," ಎಂದರು.

ಕಾಲು ಹಾಕಿದ್ದಾಯಿತು. ಹಿಂಡುವಾಗಲೂ ಮೆಷಿನ್ನು ಅಲ್ಲಾಡಲಿಲ್ಲ. ಹೊಸದು ತರುವ ಮಾತು ಅಲ್ಲಿಗೇ ನಿಂತಿತು. ಸಾಹೇಬರು ಗೆದ್ದಿದ್ದರು. ಗೆದ್ದು, ಇದ್ದ ಒಂದು ಉದ್ಯೋಗವನ್ನೂ ಕಳೆದುಕೊಂಡಿದ್ದರು.

ಮುಂದಿನ ಸಲ ಬಟ್ಟೆ ಹಾಕಿ ಹೋಗಿದ್ದ ಮಗಳು ಬಂದು ನೋಡಿದರೆ, ಅಪ್ಪ ಮೆಷಿನ್ನಿನ ಮೇಲೆ ಕೂತಿದ್ದರು. ಕೈಯಲ್ಲಿ ಪೇಪರಿರಲಿಲ್ಲ.

"ಅಪ್ಪ! ಕಾಲು ಹಾಕಿಸಿದ್ದಾಯ್ತಲ್ಲ, ಇನ್ಯಾಕೆ..." ಎಂದವಳು ಮಾತನ್ನು ಅಲ್ಲಿಗೇ ಬಿಟ್ಟಳು. ಒಣಗಿದ ಬಟ್ಟೆಯ ಬುಟ್ಟಿ ಎಳೆದುಕೊಂಡು ಎದುರಿಗೆ ನಿಂತು ಒಂದು ಟವೆಲ್ ಕೊಡವಿದಳು. ಆಮೇಲೆ ತನ್ನ ಆಫೀಸಿನ ಮೇಲಧಿಕಾರಿಣಿ ಬೆಳಗ್ಗೆಯಿಂದ ಕೊಟ್ಟ ಕಾಟವನ್ನೆಲ್ಲ ಹೇಳತೊಡಗಿದಳು. ಸುಮಾರು ಹೊತ್ತಾದ ಮೇಲೆ ಕೇಳಿದಳು: "ಕೇಳಿಸ್ಕೊಳ್ತಿದ್ದೀರಾ?"

ಮೆಷಿನ್ನು ಕಲ್ಲಿನ ಹಾಗೆ ನಿಂತಿತ್ತು. ಸಾಹೇಬರ "ಹೂಂ" ಮಾತ್ರ ಮೂರು ತುಂಡಾಗಿ ಬಂತು.