ನೀರಿನ ಮಟ್ಟದ ವಹಿಯಲ್ಲಿ ಕಾದಂಬರಿಗಳ ಬಗ್ಗೆ ಷರಾ ಬರೆದ ಕುರಿತು

ವಿಭಾಗೀಯ ಕಚೇರಿ, ಯಾದಗಿರಿ
(ಮೊಹರು ಸವೆದಿರುವುದರಿಂದ ಇಲಾಖೆಯ ಹೆಸರು ಮೂಡಿರುವುದಿಲ್ಲ. ಸಿಬ್ಬಂದಿಯು ತಮ್ಮ ಇಲಾಖೆಯನ್ನು ತಾವೇ ಗುರುತಿಸಿಕೊಳ್ಳತಕ್ಕದ್ದು.)

ಸಂಖ್ಯೆ: ಮಟ್ಟ/ಷರಾ/ಕಾದಂ/17/2025-26
ದಿನಾಂಕ: 22-09-2025

ಸುತ್ತೋಲೆ

ವಿಷಯ: ಮಟ್ಟ ಓದುಗರೊಬ್ಬರು ಪತ್ತೇದಾರಿ, ರೋಮಾಂಚಕ, ಭಯಾನಕ ಹಾಗೂ ಪ್ರಣಯ ಕಾದಂಬರಿಗಳ ಕುರಿತ ತಮ್ಮ ಅಭಿಪ್ರಾಯಗಳನ್ನು ಸರ್ಕಾರಿ ವಹಿಯಲ್ಲಿ ದಾಖಲಿಸಿದ ಬಗ್ಗೆ, ಹಾಗೂ ತತ್ಪರಿಣಾಮವಾಗಿ ಒಂದು ಓಣಿಯು ಗುಡ್ಡ ಏರಿದ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ, ದಿ. 03-06-2024: "ಷರಾ ಅಂಕಣವನ್ನು ಯಾವ ಕಾರಣಕ್ಕೂ ಖಾಲಿ ಬಿಡತಕ್ಕದ್ದಲ್ಲ."
2. ಬೋನಾಳ ಕೆರೆಯ ಮಟ್ಟದ ವಹಿ, 214 ಪುಟ.
3. ವಿಚಾರಣಾಧಿಕಾರಿ ಶ್ರೀ ಚನ್ನಯ್ಯ, ಸಹಾಯಕ ಕಾರ್ಯಪಾಲಕ ಅಭಿಯಂತರರು, ಶಹಾಪುರ, ಇವರ ವರದಿ (ಕೇಳಿದ್ದಕ್ಕಿಂತ ಉದ್ದವಾಗಿದೆ).

ಪೀಠಿಕೆ

ಶ್ರೀಮತಿ ಮಲ್ಲೇಶ್ವರಿ, ಗಂಡ ರಾಮಲಿಂಗ, ವಯಸ್ಸು ಮೂವತ್ತೆಂಟು, ಇವರು ಬೋನಾಳ ಕೆರೆಯ ಮಟ್ಟ ಓದುಗರು (ದಿನಗೂಲಿ). ಕೆರೆಯಲ್ಲಿ ನೆಟ್ಟಿರುವ ಅಳತೆಗಂಬವನ್ನು ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ನೋಡಿ, ನೀರು ಎಲ್ಲಿಗೆ ಬಂದಿದೆಯೆಂದು ವಹಿಯಲ್ಲಿ ಬರೆದು, ಪುಟದ ಫೋಟೊ ತೆಗೆದು ಕಚೇರಿಗೆ ಕಳಿಸುವುದು ಇವರ ಕರ್ತವ್ಯ. ಎಂಟಕ್ಕೂ ಐದಕ್ಕೂ ನಡುವೆ ಕರ್ತವ್ಯವಿರುವುದಿಲ್ಲ. ಜಾಗ ಬಿಟ್ಟು ಕದಲುವಂತೆಯೂ ಇಲ್ಲ. ಈ ಒಂಬತ್ತು ತಾಸು ಏನು ಮಾಡತಕ್ಕದ್ದೆಂದು ಯಾವ ನಿಯಮದಲ್ಲೂ ಹೇಳಿರದ ಕಾರಣ, ಸದರಿಯವರು ಓದತೊಡಗಿದರೆಂದು ತಿಳಿದುಬಂದಿದೆ.

ಪುಸ್ತಕಗಳು ಸುರಪುರದ ಬಾಷುಮಿಯಾ ಅವರ ರದ್ದಿ ಅಂಗಡಿಯಿಂದ ತೂಕಕ್ಕೆ ತಂದವು. ರಟ್ಟೂ ಮೊದಲ ಹಾಳೆಗಳೂ ಅಷ್ಟರಲ್ಲಾಗಲೇ ಭಜಿ ಕಟ್ಟಲು ಹೋಗಿರುತ್ತಿದ್ದುದರಿಂದ ಯಾವ ಪುಸ್ತಕಕ್ಕೂ ಹೆಸರಿರಲಿಲ್ಲ. ಬರೆದವರ ಹೆಸರಂತೂ ಇರಲೇ ಇಲ್ಲ. ಹೀಗಾಗಿ ಆಕೆಯ ಅಭಿಪ್ರಾಯಗಳು ಯಾರ ಮುಲಾಜೂ ಇಲ್ಲದೆ ಬೆಳೆದವು.

ಅವು ವಹಿಯನ್ನು ಸೇರಿದ ಬಗೆ ಹೀಗಿದೆ. ಉಲ್ಲೇಖ 1ರ ಪ್ರಕಾರ ಷರಾ ಅಂಕಣ ತುಂಬಬೇಕಿತ್ತು. ಮೊದಲ ವಾರ ಮಲ್ಲೇಶ್ವರಿಯವರು "ಏನೂ ಇಲ್ಲ" ಎಂದು ಬರೆದರು. 'ಏನೂ ಇಲ್ಲ' ಎಂಬುದು ಷರಾ ಆಗುವುದಿಲ್ಲವೆಂದು ಕಚೇರಿಯಿಂದ ನೋಟೀಸು ಹೋಯಿತು. ಎರಡನೇ ವಾರ "ನೀರು ಅದ" ಎಂದು ಬರೆದರು. ಅದು ಮಟ್ಟ ಬರೆಯುವ ಮೂರನೇ ಅಂಕಣದ ಪುನರುಕ್ತಿಯೆಂದು ಇನ್ನೊಂದು ನೋಟೀಸು. ಮೂರನೇ ವಾರ, ಸಿಟ್ಟಿಗೆದ್ದು, ತೊಡೆಯ ಮೇಲಿದ್ದ ಪುಸ್ತಕದ ಬಗ್ಗೆ ಬರೆದರು. ನೋಟೀಸು ಬರಲಿಲ್ಲ. ಇಲಾಖೆಗೆ ಬೇಕಾಗಿದ್ದುದು ಇದೇ ಇರಬೇಕೆಂದು ಅವರು ತಿಳಿದರು.

ಮಾದರಿಗಾಗಿ ಕೆಲವನ್ನು ಇಲ್ಲಿ ನಕಲಿಸಲಾಗಿದೆ.

ಪತ್ತೇದಾರಿ (ವಹಿ ಪುಟ 31): "ಕೊಲಿ ಮಾಡಿದವ ಯಾರಂತ ಮೂವತ್ತನೇ ಪುಟಕ್ಕೇ ಗೊತ್ತಾತು. ಪತ್ತೇದಾರಗ ಇನ್ನೂರಾ ಹನ್ನೆರಡರಾಗ ಗೊತ್ತಾತು. ಅಲ್ಲೀತನಕ ಚಹಾ ಕುಡದಾನ."

ರೋಮಾಂಚಕ (ಪುಟ 58): "ಮೂರು ದಿನ ಓಡ್ಯಾನ. ಊಟಿಲ್ಲ, ನೀರಿಲ್ಲ, ಸಂಡಾಸಿಲ್ಲ. ಆದರೂ ಅಂಗಿ ಇಸ್ತ್ರಿ ಕೆಟ್ಟಿಲ್ಲ."

ಪ್ರಣಯ (ಪುಟ 97): "ಆಕಿ ಕಣ್ಣು ಕೆರಿ ಇದ್ದಂಗ ಅಂತ ಬರದಾನ. ಕೆರಿ ನೋಡಿಲ್ಲ ಅವ. ಕೆರ್ಯಾಗ ಜೊಂಡು ಇರ್ತದ."

ಇಷ್ಟೊಂದು ತಿರಸ್ಕಾರವಿದ್ದ ಮೇಲೆ ಓದುವುದಾದರೂ ಏಕೆಂದು ವಿಚಾರಣೆಯಲ್ಲಿ ಕೇಳಲಾಯಿತು. ಮಲ್ಲೇಶ್ವರಿಯವರು "ಎಲ್ಲೋ ಒಬ್ಬರಾದರೂ ಖರೇ ಬರದಿರ್ತಾರೇನೋ ಅಂತ್ರಿ" ಎಂದರು. ಈ ಉತ್ತರಕ್ಕೆ ನಮೂನೆಯಲ್ಲಿ ಕಾಲಂ ಇಲ್ಲದ ಕಾರಣ ಅಂಚಿನಲ್ಲಿ ಬರೆಯಲಾಗಿದೆ.

ಈ ಷರಾಗಳು ಹದಿನಾಲ್ಕು ತಿಂಗಳ ಕಾಲ ಇಲಾಖೆಯ ದೈನಂದಿನ ಬುಲೆಟಿನ್‌ನಲ್ಲಿ ಪ್ರಕಟವಾಗಿ ನೂರಾ ಮೂರು ಗ್ರಾಮ ಪಂಚಾಯಿತಿಗಳಿಗೆ ತಲುಪಿವೆ. ಯಾರೂ ಆಕ್ಷೇಪಿಸಿಲ್ಲ, ಏಕೆಂದರೆ ಯಾರೂ ಓದಿಲ್ಲ. ಫೋಟೊ ನೋಡಿ ಬುಲೆಟಿನ್ ತಯಾರಿಸುವ ಶ್ರೀ ಪ್ರವೀಣಕುಮಾರರು ತಮ್ಮ ಹೇಳಿಕೆಯಲ್ಲಿ, "ಟೈಪ್ ಮಾಡೂದು ನನ್ನ ಕೆಲಸ್ರಿ. ಓದ್ರಿ ಅಂತ ಯಾರೂ ಆರ್ಡರ್ ಕೊಟ್ಟಿಲ್ಲ" ಎಂದಿದ್ದಾರೆ. ಕಡತ ಪರಿಶೀಲಿಸಲಾಗಿ, ಅಂಥ ಆದೇಶ ಇಲ್ಲದಿರುವುದು ನಿಜವೆಂದು ಕಂಡುಬಂದಿದೆ.

ದಿ. 10-08-2025, ಭಾನುವಾರ, ಮಲ್ಲೇಶ್ವರಿಯವರ ಕೈಯಲ್ಲಿ ಒಂದು ಭಯಾನಕ ಕಾದಂಬರಿಯಿತ್ತು. ಹಾಳು ಬಂಗಲೆಯೊಂದರಲ್ಲಿ ದೆವ್ವವಿದೆಯೆಂದು ಗೊತ್ತಾದ ಮೇಲೂ ಒಂದು ಕುಟುಂಬ ಅಲ್ಲೇ ಮೂರು ಅಧ್ಯಾಯ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಅವರು ನೀರಿನ ಮಟ್ಟವನ್ನು ಸರಿಯಾಗಿಯೇ ಬರೆದರು. ಏರಿಯ ಮೇಲಂಚಿಗೆ ಇನ್ನೂ ಎರಡಾಳು ಬಾಕಿಯಿತ್ತು. ಪಕ್ಕದ ಷರಾ ಅಂಕಣದಲ್ಲಿ ಹೀಗೆ ಬರೆದರು:

"ಕತ್ತಲಾಗೂದ್ರೊಳಗ ಎಲ್ಲಾರೂ ಹೋಗೂದು ಖರೇ. ಈಗ್ಲೇ ಮನಿ ಬಿಟ್ಟು ಹೊರಗ ಬಂದ್ರ ಉಳೀತಾರ. ಹೇಳಿದ್ರ ಕೇಳವರು ಯಾರು."

ಅಂದು ಬೋನಾಳದ ಪಂಚಾಯಿತಿ ಸದಸ್ಯ ಶ್ರೀ ನಾಗಣ್ಣ ಅವರು ಕಟಿಂಗ್ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತ, ಮಾಡಲು ಬೇರೆ ಕೆಲಸವಿಲ್ಲದೆ, ಫೋನಿಗೆ ಬಂದಿದ್ದ ಬುಲೆಟಿನ್ ಓದಿದರು. ಅದನ್ನು ಓದಿದವರಲ್ಲಿ ಅವರೇ ಮೊದಲಿಗರು. ಅರ್ಧ ಗಡ್ಡದಲ್ಲೇ ಎದ್ದು ಗುಡಿಯ ಮೈಕು ಹಿಡಿದರು. ಹತ್ತೂವರೆಗೆಲ್ಲ ಕೆರೆಯ ಕೆಳಗಿನ ಓಣಿಯ ನಲವತ್ತೊಂದು ಮನೆಯವರು ಆಡು, ಹಾಸಿಗೆ, ಹೊಲಿಗೆ ಮಷೀನು ಸಮೇತ ಗುಡ್ಡದ ಮೇಲಿನ ಶಾಲೆಯಲ್ಲಿದ್ದರು.

ಏರಿಯ ಮೇಲೆ ಕೂತಿದ್ದ ಮಲ್ಲೇಶ್ವರಿಯವರು ಜನ ಗುಡ್ಡ ಹತ್ತುವುದನ್ನು ಕಂಡು, ಯಾರದೋ ಮದುವೆಯಿರಬೇಕು, ನನಗೇ ಹೇಳಿಲ್ಲ ಎಂದುಕೊಂಡು ಬೇಸರಪಟ್ಟರು. ಆಮೇಲೆ ನಾಲ್ವರು ಮಂಚದ ಸಮೇತ ಹೊತ್ತುಕೊಂಡು ಹೋಗುತ್ತಿದ್ದ ಭೀಮಾಬಾಯಿ ಎಂಬ ಎಪ್ಪತ್ತೈದರ ಅಜ್ಜಿಯನ್ನು ನೋಡಿ ಓಡಿ ಬಂದರು.

"ಆಯಿ, ಎಲ್ಲಿಗಿ ಹೊಂಟೀರಿ?"

"ಎಲ್ಲಿಗಿ ಅಂತ ಕೇಳ್ತೀಯಲ್ಲಬೇ! ಎಲ್ಲಾರೂ ಹೋಗೂದು ಖರೇ ಅಂತ ನೀನೇ ಬರದೀಯಂತ. ಮೈಕಿನ್ಯಾಗ ಒದರ್‍ಯಾರ."

ತಮ್ಮ ಅಭಿಪ್ರಾಯವನ್ನು ಯಾರೋ ಒಬ್ಬರು ಓದಿದ್ದಾರೆ ಎಂಬುದು ಆ ಕ್ಷಣದಲ್ಲಿ ಮಲ್ಲೇಶ್ವರಿಯವರಿಗೆ ತಿಳಿಯಿತು. ಮರೆಮಾಚುವ ಅವಕಾಶವಿತ್ತು. "ಮಟ್ಟ ಏರಿತ್ತು, ಈಗ ಇಳಿದಿದೆ" ಎಂದರೆ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಶಾಲೆಯ ಅಂಗಳಕ್ಕೆ ಹೋಗಿ, ನಲವತ್ತೊಂದು ಮನೆಯವರ ಮುಂದೆ ನಿಂತು, ನಡೆದದ್ದನ್ನು ಹೇಳಿಬಿಟ್ಟರು.

ಮಂಚದ ಮೇಲಿನ ಭೀಮಾಬಾಯಿ ಕೇಳಿದರು: "ಅಂದ್ರ ಹೋಗೋರು ನಾವಲ್ಲೇನು?"

"ಅಲ್ಲಾಯಿ. ಪುಸ್ತಕದಾಗಿನವ್ರು."

"ದೆವ್ವ ಅದ ಅಂತ ಗೊತ್ತಾದ ಮ್ಯಾಲೂ ಒಳಗ ಯಾಕ ಕುಂತಾರವ್ರು? ಹೊರಗ ಬರಾಕ ಏನ್ ಧಾಡಿ?"

"ಅದನ್ನೇ ನಾನೂ ಬರದದ್ದು."

ಜನ ನಗತೊಡಗಿದರು. ನಾಗಣ್ಣ ಒಬ್ಬರು ನಗಲಿಲ್ಲ. ಅರ್ಧ ಗಡ್ಡವನ್ನು ಮುಚ್ಚಿಕೊಂಡು ನಿಂತಿದ್ದರು.

ಎಚ್ಚರಿಕೆಯನ್ನು ಹಿಂಪಡೆಯುವ ನಮೂನೆಯು ಸಂಜೆಯ ಬುಲೆಟಿನ್‌ನಲ್ಲಿ ಮಾತ್ರ ಇರುವುದರಿಂದ, ಐದು ಗಂಟೆಯವರೆಗೆ ಯಾರನ್ನೂ ಕೆಳಗಿಳಿಸಬಾರದೆಂದು ಕಚೇರಿಯಿಂದ ಸೂಚನೆ ಹೋಯಿತು. ಆ ಅವಧಿಯಲ್ಲಿ ಓಣಿಯ ಒತ್ತಾಯದ ಮೇರೆಗೆ ಸದರಿ ಕಾದಂಬರಿಯನ್ನು ಮಲ್ಲೇಶ್ವರಿಯವರು ಗಟ್ಟಿಯಾಗಿ ಓದಿದ್ದಾರೆ. ನಾಯಕಿ ಒಬ್ಬಳೇ ದೀಪ ಹಿಡಿದು ನೆಲಮಾಳಿಗೆಗೆ ಇಳಿಯುವಲ್ಲಿ ಓಣಿಯೆಲ್ಲ ಒಂದೇ ಕೊರಳಿನಿಂದ "ಹೋಗಬ್ಯಾಡಬೇ" ಎಂದು ಕೂಗಿತು. ಇಳಿದೇಬಿಟ್ಟಳೆಂದು ತಿಳಿದಾಗ, "ಹಂಗಾದ್ರ ಸಾಯಲಿ" ಎಂದು ಸರ್ವಾನುಮತದಿಂದ ಠರಾವಾಯಿತು.

ಮೂರು ದಿನಗಳ ನಂತರ ಶ್ರೀ ಚನ್ನಯ್ಯ ಅವರು ಜೀಪಿನಲ್ಲಿ ಬೋನಾಳಕ್ಕೆ ತೆರಳಿದರು. ಮಲ್ಲೇಶ್ವರಿಯವರನ್ನು ಕೆಲಸದಿಂದ ತೆಗೆಯುವ ಆದೇಶ ಅವರ ಬ್ಯಾಗಿನಲ್ಲೇ ಇತ್ತು. ದಿನಾಂಕ ತುಂಬುವುದಷ್ಟೇ ಬಾಕಿ.

"ಸರ್ಕಾರಿ ವಹ್ಯಾಗ ಇದೇನು ಹಚ್ಚೀರಿ?" ಎಂದು ಅವರು ಕೇಳಿದರು.

"ಗಲತಿ ಆತ್ರಿ ಸಾಹೇಬ್ರ. ಆದ್ರ ಖಾಲಿ ಬಿಡಬ್ಯಾಡ ಅಂತ ನೀವೇ ಅಂದಿರಿ."

ಚನ್ನಯ್ಯ ಅವರು ಜುಲೈ ಮತ್ತು ಆಗಸ್ಟ್ ತಿಂಗಳ ಬುಲೆಟಿನ್‌ಗಳ ಕಟ್ಟನ್ನು ಕೊಟ್ಟು, ತಮ್ಮ ಸಾಲುಗಳಿಗೆ ಗೆರೆ ಎಳೆದು ಸಹಿ ಹಾಕುವಂತೆ ಹೇಳಿದರು. ಬುಲೆಟಿನ್‌ನಲ್ಲಿ ಬೋನಾಳವಲ್ಲದೆ ಇನ್ನೂ ಹನ್ನೊಂದು ಕೆರೆಗಳ ಮಟ್ಟ ಇರುತ್ತದೆ. ಮಲ್ಲೇಶ್ವರಿಯವರು ಗೆರೆ ಎಳೆಯುವುದನ್ನು ಬಿಟ್ಟು, ಚಟದಿಂದ, ಮೊದಲ ಹಾಳೆಯಿಂದ ಓದತೊಡಗಿದರು. ಅರ್ಧ ತಾಸಾಯಿತು. ಹಾಳೆ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದರು.

"ಸಾಹೇಬ್ರ, ಇದನ್ನ ನೋಡಲಾರದ ಬರದಾರ್ರಿ."

"ಯಾವುದನ್ನ?"

"ನಮ್ಮ ಕೆರಿ ಬಿಟ್ಟು ಹನ್ನೊಂದೂ. ಜುಲೈದಾಗ ಎಂಟು ದಿನ ಮಳಿ ಹೊಡದದ. ನಮ್ಮ ಕೆರಿ ಎರಡು ಗೇಣು ಏರ್‍ಯಾದ. ಇವ್ರ ಕೆರಿ ಒಂದು ಬಟ್ಟೂ ಅಲುಗಿಲ್ಲ. ಮಳಿಗಿ ಏರೂದಿಲ್ಲ, ಬಿಸಲಿಗಿ ಇಳಿಯೂದಿಲ್ಲ. ಅದು ಕೆರಿ ಅಲ್ರಿ, ಗ್ವಾಡಿಗಿ ಹಚ್ಚಿದ ಫೋಟೊ."

"ಹೆಂಗ ಹೇಳ್ತೀರಿ ಅಷ್ಟು ಖಾತ್ರಿಲೆ?"

"ಇಂಥಾವು ಅರವತ್ತು ಓದೀನ್ರಿ. ನೋಡಲಾರದ ಬರದದ್ದು ವಾಸನಿ ಹೊಡೀತದ."

ಚನ್ನಯ್ಯ ಅವರಿಗೆ ನಗು ಬಂತು, ಆಮೇಲೆ ಬರಲಿಲ್ಲ. ಊಟ ಬಿಟ್ಟು ಜೀಪು ತಿರುಗಿಸಿದರು. ಎರಡು ದಿನದಲ್ಲಿ ಹನ್ನೊಂದೂ ಕೆರೆ ನೋಡಿದರು. ನಾಲ್ಕು ಕಡೆ ಅಳತೆಗಂಬ ಬಿದ್ದು ವರ್ಷಗಳಾಗಿದ್ದವು. ಒಂದು ಕಡೆ ಅದಕ್ಕೆ ಎಮ್ಮೆ ಕಟ್ಟಿದ್ದರು. ಒಂದು ಕಡೆ ಕೆರೆಯೇ ಇರಲಿಲ್ಲ, ಹತ್ತಿ ಬಿತ್ತಿದ್ದರು. ಹತ್ತಿಯ ಮಟ್ಟವು ಪ್ರತಿದಿನ 2.10 ಮೀಟರ್ ಎಂದು ದಾಖಲಾಗಿತ್ತು.

ಏಳನೇ ಕೆರೆಯಲ್ಲಿ ನೀರು ಏರಿಯ ಮೇಲಂಚನ್ನು ಮುಟ್ಟಿ, ಒಂದೆಡೆ ಮಣ್ಣು ಒಸರುತ್ತಿತ್ತು. ವಹಿಯಲ್ಲಿ ಅರ್ಧ ಕೆರೆ ಎಂದಿತ್ತು. ಅದರ ಕೆಳಗಿನ ಜನ ಮನೆಯಲ್ಲೇ ಇದ್ದರು, ಅಡುಗೆ ಮಾಡುತ್ತಿದ್ದರು. ಅಲ್ಲಿಯ ಷರಾ ಅಂಕಣದಲ್ಲಿ, ಸುಂದರ ಅಕ್ಷರದಲ್ಲಿ, "ಎಲ್ಲವೂ ಕ್ಷೇಮ" ಎಂದು ಬರೆದಿತ್ತು. ಅಂದು ಸಂಜೆಯೊಳಗೆ ತೂಬು ತೆಗೆಸಿ ನೀರು ಬಿಡಲಾಯಿತು. ಯಾರಿಗೂ ಏನೂ ಆಗಲಿಲ್ಲ.

ಚನ್ನಯ್ಯ ಅವರು ವಜಾ ಆದೇಶವನ್ನು ದಿನಾಂಕ ತುಂಬದೆಯೇ ಹಿಂದಿರುಗಿಸಿದ್ದಾರೆ. ಕಾರಣವನ್ನು ಬರವಣಿಗೆಯಲ್ಲಿ ಕೇಳಲಾಗಿ, "ಆಕಿನ್ನ ತಗದ್ರ ಹನ್ನೆರಡಕ್ಕ ಹನ್ನೆರಡೂ ಕುರುಡು" ಎಂದು ಬರೆದಿದ್ದಾರೆ. ಈ ಭಾಷೆಯ ಬಗ್ಗೆ ಅವರಿಗೆ ಪ್ರತ್ಯೇಕ ನೋಟೀಸು ನೀಡಲಾಗಿದೆ.

ಮೇಲ್ಕಂಡ ಸಂಗತಿಗಳನ್ನು ಇಲಾಖೆಯು ಅತ್ಯಂತ ಅಸಮಾಧಾನದಿಂದ ಗಮನಿಸಿ, ಸಮಸ್ತ ಸಿಬ್ಬಂದಿಗೆ ಕೆಳಕಂಡಂತೆ ಸೂಚಿಸಿದೆ:

1. 'ಓದುಗರು' ಎಂಬ ಪದನಾಮವು ನೀರಿಗೆ ಮಾತ್ರ ಅನ್ವಯಿಸತಕ್ಕದ್ದು.

2. ಷರಾ ಅಂಕಣವನ್ನು ಖಾಲಿ ಬಿಡತಕ್ಕದ್ದಲ್ಲ, ತುಂಬತಕ್ಕದ್ದೂ ಅಲ್ಲ. ಒಂದು ಅಡ್ಡಗೆರೆ ಎಳೆಯತಕ್ಕದ್ದು. ಗೆರೆಯಲ್ಲಿ ತಿರಸ್ಕಾರ ಕಾಣಬಾರದು.

3. ಸಿಬ್ಬಂದಿಯು ಕಾದಂಬರಿಯ ಕೊಲೆಗಾರನನ್ನು ಪತ್ತೇದಾರನಿಗಿಂತ ಮೊದಲು ಗುರುತಿಸತಕ್ಕದ್ದಲ್ಲ. ಕೈಮೀರಿ ಗುರುತಿಸಿದಲ್ಲಿ, ಮೊಹರು ಮಾಡಿದ ಲಕೋಟೆಯಲ್ಲಿ ಮೇಲಧಿಕಾರಿಗೆ ತಿಳಿಸಿ ಸುಮ್ಮನಿರತಕ್ಕದ್ದು.

4. ಭಯಾನಕ ಕಾದಂಬರಿಗಳನ್ನು ಜೂನ್‌ನಿಂದ ನವೆಂಬರ್‌ವರೆಗೆ ಓದುವಂತಿಲ್ಲ. ಬೇಸಿಗೆಯಲ್ಲಿ, ಕೆರೆ ಒಣಗಿದೆಯೆಂಬ ದೃಢೀಕರಣದೊಂದಿಗೆ, ದಿನಕ್ಕೆ ಒಂದು ದೆವ್ವದ ಮಿತಿಯಲ್ಲಿ ಓದಬಹುದು.

5. ಪ್ರಣಯ ಕಾದಂಬರಿಯಲ್ಲಿ ನಾಯಕಿಯ ಕಣ್ಣನ್ನು ಕೆರೆಗೆ ಹೋಲಿಸಿದ್ದು ಕಂಡುಬಂದಲ್ಲಿ, ಸದರಿ ಕೆರೆ ಯಾವ ತಾಲ್ಲೂಕಿನದು, ಒತ್ತುವರಿಯಾಗಿದೆಯೇ, ಎಡಗಣ್ಣಿನ ಮಟ್ಟವೆಷ್ಟು, ಬಲಗಣ್ಣಿನ ಮಟ್ಟವೆಷ್ಟು ಎಂಬ ವಿವರಗಳನ್ನು ನಮೂನೆ-7ರಲ್ಲಿ ಸಲ್ಲಿಸತಕ್ಕದ್ದು.

6. ಉಳಿದ ಹನ್ನೊಂದು ಓದುಗರ ವಿರುದ್ಧ ಕ್ರಮವು ಪರಿಶೀಲನೆಯಲ್ಲಿದೆ. ಪರಿಶೀಲನೆಯ ಮಟ್ಟವು ಒಂದು ತಿಂಗಳಿನಿಂದ ಏರಿಯೂ ಇಲ್ಲ, ಇಳಿದೂ ಇಲ್ಲ.

7. ಇನ್ನು ಮುಂದೆ ಪ್ರತಿ ಸೋಮವಾರ ಎಲ್ಲಾ ವಹಿಗಳನ್ನು ಜೀಪಿನಲ್ಲಿ ಬೋನಾಳಕ್ಕೆ ಒಯ್ಯತಕ್ಕದ್ದು. ಶ್ರೀಮತಿ ಮಲ್ಲೇಶ್ವರಿಯವರು ಅವನ್ನು ಓದಿ ಪ್ರತಿಯೊಂದರ ಮೇಲೆ "ನೋಡಿ ಬರೆದದ್ದು" ಅಥವಾ "ನೋಡಲಾರದೆ ಬರೆದದ್ದು" ಎಂದು ಮಾತ್ರ ಬರೆಯತಕ್ಕದ್ದು. ಕಾರಣ ಬರೆಯಲು ಜಾಗ ಕೇಳಿ ಅವರು ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ. ಅವರು ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿರುವುದು ಗಮನಕ್ಕೆ ಬಂದಿದೆ. ಹಿಂಬದಿಯ ಕುರಿತು ನಿಯಮವಿರುವುದಿಲ್ಲ.

8. ಸದರಿ ಭಯಾನಕ ಕಾದಂಬರಿಯ ಉಳಿದ ಭಾಗವನ್ನು ಓದಿಸಬೇಕೆಂದು ಕೆಳಗಿನ ಓಣಿಯ ಪರವಾಗಿ ಭೀಮಾಬಾಯಿಯವರು ಹೆಬ್ಬೆಟ್ಟೊತ್ತಿ ಸಲ್ಲಿಸಿದ ಅರ್ಜಿಗೆ, ಇದು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರಿಸಲಾಗಿದೆ. ಉತ್ತರವನ್ನು ಒಯ್ದ ಸಿಬ್ಬಂದಿಯು ಓದು ಮುಗಿಯುವವರೆಗೆ ಅಲ್ಲೇ ಕೂತಿದ್ದು ತಡವಾಗಿ ಹಿಂದಿರುಗಿರುತ್ತಾರೆ.

ಇದಕ್ಕೆ ತಪ್ಪಿದವರನ್ನು ಹತ್ತಿ ಬೆಳೆದಿರುವ ಕೆರೆಗೆ ನಿಯೋಜಿಸಲಾಗುವುದು.

ಸಹಿ/-
(ಓದಲಾಗದು)
ವಿಭಾಗೀಯ ಅಧಿಕಾರಿ

ಪ್ರತಿಗಳು:
1. ಶ್ರೀ ಪ್ರವೀಣಕುಮಾರ: ಟೈಪ್ ಮಾಡಲು.
2. ಶ್ರೀ ನಾಗಣ್ಣ, ಗ್ರಾಮ ಪಂಚಾಯಿತಿ ಸದಸ್ಯರು: ಮನಸ್ಸಿನಲ್ಲೇ ಓದಿಕೊಳ್ಳಲು.
3. ಶ್ರೀಮತಿ ಮಲ್ಲೇಶ್ವರಿ, ಬೋನಾಳ: ಮಾಹಿತಿಗಾಗಿ. ಹಿಂಬದಿಯನ್ನು ಅಚ್ಚು ಮಾಡಿ ತುಂಬಲಾಗಿದೆ.
4. ಉಳಿದ ಹನ್ನೊಂದು ಮಟ್ಟ ಓದುಗರು: ತಮ್ಮ ಪ್ರತಿಯನ್ನು ತಮ್ಮ ಕೆರೆಯ ದಡದಲ್ಲಿ ಖುದ್ದಾಗಿ ನಿಂತು ಪಡೆಯತಕ್ಕದ್ದು. ದಾರಿ ಗೊತ್ತಿಲ್ಲದವರು ಊರಲ್ಲಿ ಯಾರನ್ನಾದರೂ ಕೇಳಬಹುದು.