ಅತ್ತೆಯವರ ಬಿಪಿ, ಆಣೆ ಲೆಕ್ಕದ ನೋವು

ಬೇರೆಯವರ ಮನೆಯಲ್ಲಿ ಬಿಪಿ ಎಂದರೆ ಕಾಯಿಲೆ. ನಮ್ಮ ಮನೆಯಲ್ಲಿ ಅದು ಅತ್ತೆಯವರ ಜೊತೆ ಬಂದು ಉಳಿದುಕೊಂಡ ನೆಂಟ. ಇವರಿಬ್ಬರೂ ಒಟ್ಟಿಗೆ ಇರುವಲ್ಲಿ ಏನಾದರೊಂದು ಫಜೀತಿ ಆಗದೆ ವಾರ ಕಳೆಯುವುದಿಲ್ಲ. ಅತ್ತೆ ಕುರುಗೋಡಿನವರು, ಈಗ ಬಳ್ಳಾರಿಯಲ್ಲಿ ನಮ್ಮ ಜೊತೆಗಿದ್ದಾರೆ. ನಾನು ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುವವಳು. ದಿನವೆಲ್ಲ ಮಷಿನ್ನುಗಳ ಗದ್ದಲ ಕೇಳಿ ಬಂದ ಮೇಲೆ ಅತ್ತೆಯ ಮಾತು ಕೇಳುವುದೇ ನನಗೆ ವಿಶ್ರಾಂತಿ. ಇದನ್ನು ಅವರಿಗೆ ಹೇಳಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ.

೧. ಸೊಸೆಗೆ ಪರೀಕ್ಷೆ

ಬಿಪಿ ಗುಳಿಗೆ ದಿನಾ ಬೆಳಿಗ್ಗೆ ನುಂಗಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ನಮ್ಮ ಕಡೆ ಬಿಪಿ ಎಂದರೆ ಸಿಟ್ಟು. "ಸುಮ್ನ ನನ್ನ ಬಿಪಿ ಏರಿಸಬ್ಯಾಡ್ರಿ" ಎಂದು ಬಸ್ ಕಂಡಕ್ಟರೂ ಹೇಳುತ್ತಾನೆ. ಅತ್ತೆಯೂ ಅದನ್ನೇ ನಂಬಿ, ಸಿಟ್ಟು ಬಂದ ದಿನ ಮಾತ್ರ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ತಿಂಗಳ ಕೊನೆಗೆ ಹೊಸ ಗುಳಿಗೆ ತರಲು ಹೊರಟು ಡಬ್ಬಿ ತೆಗೆದರೆ, ಹಳೆಯವು ಅರ್ಧಕ್ಕರ್ಧ ಹಾಗೇ ಇವೆ.

"ಅತ್ತಿ, ಇವ್ಯಾಕ ಉಳಿದಾವ?"

"ಈ ತಿಂಗಳು ನೀ ಚಲೋ ಇದ್ದೀಯವಾ."

ನಾನು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ಹಿಂದಿನ ತಿಂಗಳು ನೆನಪಾಯಿತು. ಆಗ ಡಬ್ಬಿ ಪೂರ್ತಿ ಖಾಲಿಯಾಗಿ, ಪಕ್ಕದ ಮನೆಯವರ ಹತ್ತಿರ ಗುಳಿಗೆ ಕಡ ತಂದು ನುಂಗಿದ್ದರು.

೨. ದೇವರಿಗೂ ಇಷ್ಟೇ

ಅಷ್ಟರಲ್ಲಿ ಅತ್ತೆಯ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. "ಸಿಟ್ಟು ಬರಲಿ ಬಿಡಲಿ, ಗುಳಿಗೆ ದಿನಾ ನುಂಗಬೇಕು. ಬಿಪಿ ಹತೋಟಿಗೆ ಬಂದ ಮೇಲೇ ಆಪರೇಷನ್" ಎಂದು ಡಾಕ್ಟರು ಗದರಿದರು. ಅತ್ತೆ ಕೂಡಲೇ ಒಪ್ಪಿದರು. ಅದಕ್ಕೆ ಕಾರಣವಿತ್ತು. ಸಿರುಗುಪ್ಪದಲ್ಲಿ ನನ್ನ ನಾದಿನಿಯ ಮಗಳು ಗಂಡುಮಗು ಹೆತ್ತಿದ್ದಳು. ಅತ್ತೆಗೆ ಅವನು ಮೊದಲ ಮರಿಮೊಮ್ಮಗ. ಮುಂದಿನ ಬುಧವಾರ ಕೂಸನ್ನು ತೊಟ್ಟಿಲಿಗೆ ಹಾಕುವುದು ಗೊತ್ತಾಗಿತ್ತು. ಅಷ್ಟರೊಳಗೆ ಎಲ್ಲ ಮುಗಿಸಿಕೊಂಡು ಅಲ್ಲಿರಬೇಕು ಎಂಬುದು ಅವರ ಹಟ.

ಆಪರೇಷನ್ನಿನ ದಿನ ಬೆಳಿಗ್ಗೆ ಏನೂ ತಿನ್ನುವಂತಿಲ್ಲ, ಬಿಪಿ ಗುಳಿಗೆ ಮಾತ್ರ ಒಂದು ಗುಟುಕು ನೀರಿನಲ್ಲಿ ನುಂಗಬೇಕು ಎಂದು ನರ್ಸ್ ಹೇಳಿಹೋದಳು. ಅತ್ತೆ ಲಿಂಗಕ್ಕೆ ತೋರಿಸದೆ ಏನನ್ನೂ ಬಾಯಿಗೆ ಹಾಕುವವರಲ್ಲ. ನರ್ಸ್ ಮತ್ತೆ ಬಂದಾಗ ಅತ್ತೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು, ಅದರ ಮುಂದೆ ಆ ಗುಳಿಗೆಯನ್ನು ಎಡೆ ಇಟ್ಟು ಕೂತಿದ್ದರು.

"ಇದೇನಜ್ಜಿ? ಗುಳಿಗಿ ಎಡಿ ಇಟ್ಟೀರಿ!"

"ಇವತ್ತು ನೀವು ನನಗ ಕೊಟ್ಟಿದ್ದು ಇದೊಂದ. ಅವಂಗೂ ಇಷ್ಟೇ."

"ದೇವ್ರಿಗೂ ಬಿಪಿ ಐತೇನ್ರಿ?"

"ನನ್ನಂಥಾಕಿ ದಿನಾ ಕೈಯಾಗ ಹಿಡಕೊಂಡು ಬೇಡ್ಕೋತ ಕುಂತ್ರ, ಬರದ ಇರ್ತೈತೇನವಾ?"

೩. ಉಪದೇಶ ಮಾಡಿದವರ ಪಾಡು

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಕುರುಗೋಡಿನಿಂದ ನೆಂಟರು ಎಳನೀರು, ಬ್ರೆಡ್ಡು ಹಿಡಿದು ಬಸ್ಸಿಳಿದರು. ಎಲ್ಲರಿಗಿಂತ ಮುಂದೆ ಅತ್ತೆಯ ತಮ್ಮ. ನರ್ಸ್ ಬಿಪಿ ನೋಡಿ "ಏರೇತಿ" ಎಂದದ್ದೇ ತಡ, ಅವರು ಶುರು ಹಚ್ಚಿಕೊಂಡರು.

"ಅಕ್ಕಾ, ಟೆನ್ಷನ್ ಮಾಡ್ಕೋಬಾರ್ದು. ನನ್ನ ನೋಡು. ಈ ವಯಸ್ಸಿನಾಗೂ ಬಿಪಿ ಅನ್ನೋದು ಗೊತ್ತಿಲ್ಲ."

ಮಷಿನ್ ಕಂಡರೆ ನಮ್ಮ ಜನ ಸುಮ್ಮನಿರುವುದುಂಟೇ? "ನಂದೂ ಒಂದೀಟು ನೋಡವಾ" ಎಂದು ಒಬ್ಬೊಬ್ಬರೇ ತೋಳು ಮಡಚಿ ಸಾಲು ನಿಂತರು. ಕೊನೆಗೆ ಉಪದೇಶ ಮಾಡಿದವರ ಸರದಿ. ನರ್ಸ್ ನೋಡಿದಳು, ಮತ್ತೆ ನೋಡಿದಳು. ಅವರ ಬಿಪಿ ಅಕ್ಕನದನ್ನೂ ಮೀರಿಸಿತ್ತು. ಕೂಡಲೇ ಅವರಿಗೆ ಕುರ್ಚಿ ಬಂತು, ಗಾಳಿ ಬೀಸಿದ್ದಾಯಿತು, ಅಕ್ಕನಿಗೆಂದು ತಂದ ಎಳನೀರು ತಮ್ಮನ ಬಾಯಿಗೆ ಹೋಯಿತು.

ಅತ್ತೆ ಮೆಲ್ಲಗೆ ಕಾಲು ಕೆಳಗಿಳಿಸಿದರು. "ಸಿಸ್ಟರ್, ಇವನ್ನ ಇಲ್ಲಿ ಮಲಗಿಸ್ರಿ. ನಾ ಸಿರುಗುಪ್ಪದ ಬಸ್ಸಿಗೆ ಹೊಂಟೆ."

೪. ಎರಡಾಣೆ

ಆದರೆ ಅತ್ತೆಯ ಬಿಪಿ ಇಳಿಯಲೇ ಇಲ್ಲ. ಇಳಿಯದೆ ಮನೆಗೆ ಬಿಡುವುದಿಲ್ಲ ಎಂದರು. ಗುಳಿಗೆ ಹೆಚ್ಚಿಸಿದರೂ ಜಗ್ಗಲಿಲ್ಲ. ಬೆಳಗಿನ ಹೊತ್ತು ಜೊತೆಗಿರುತ್ತಿದ್ದ ನನ್ನ ಗಂಡ "ಡಾಕ್ಟ್ರು ವೆರಿ ಗುಡ್ ಅಂದ್ರು" ಎಂಬ ವರದಿ ಬಿಟ್ಟು ಬೇರೇನೂ ತರುತ್ತಿರಲಿಲ್ಲ. ಸಂಜೆ ನಾನು ಹೋಗಿ ನೋವು ಹೇಗಿದೆ ಎಂದು ಕೇಳಿದರೆ "ಡಾಕ್ಟರಿಗೆ ಹೇಳೀನಿ" ಎಂದಷ್ಟೇ ಉತ್ತರ. ಶನಿವಾರ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಅವರು ಮಾತಿಲ್ಲದೆ ಮಲಗಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಭಾನುವಾರ ಕೆಲಸವಿರಲಿಲ್ಲ. ಡಾಕ್ಟರು ಬರುವ ಹೊತ್ತಿಗೆ ಮಂಚದ ಪಕ್ಕ ಹೋಗಿ ನಿಂತೆ.

ಬಂದವರು ಮೈಸೂರು ಕಡೆಯ ಕಿರಿಯ ಡಾಕ್ಟರು. ಒಳ್ಳೆಯ ಹುಡುಗ, ನಗುಮುಖ.

"ಅಜ್ಜಿ, ನೋವು ಎಷ್ಟಿದೆ ಇವತ್ತು?"

"ಎರಡಾಣಿ ನೋಡಪ್ಪ," ಎಂದರು ಅತ್ತೆ, ಹಲ್ಲು ಕಚ್ಚಿಕೊಂಡು.

ಹುಡುಗನ ಮುಖ ಅರಳಿತು. "ವೆರಿ ಗುಡ್! ಮೊದಲು ಆರಾಣೆ ಇತ್ತು, ಆಮೇಲೆ ನಾಲ್ಕಾಣೆ, ಈಗ ಎರಡೇ ಆಣೆ. ಸಿಸ್ಟರ್, ನೋವಿನ ಇಂಜೆಕ್ಷನ್ ಇನ್ನು ಬೇಡ." ನಗುತ್ತಲೇ ಹೊರಟರು.

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು. "ನೋಡಿದೇನವಾ? ನಾ ಒದ್ದಾಡಿದಷ್ಟೂ ಅವನು ಹಲ್ಲು ಕಿಸೀತಾನ. ರೂಪಾಯಿದಾಗ ಎರಡಾಣಿ ಕಮ್ಮಿ ಆಗೈತಿ, ಹದಿನಾಲ್ಕಾಣಿ ಹಂಗ ಐತಿ ಅಂದ್ರ ವೆರಿ ಗುಡ್ ಅಂತಾನ!"

ನಾನು ಚಪ್ಪಲಿಯನ್ನೂ ಮೆಟ್ಟದೆ ಡಾಕ್ಟರ ಹಿಂದೆ ಓಡಿದೆ. ಡಾಕ್ಟರು ಇದ್ದ ನೋವು ಕೇಳಿದ್ದಾರೆ, ಅತ್ತೆ ನಮ್ಮ ಕಡೆಯ ರೂಢಿಯಂತೆ ಹದಿನಾರಾಣೆಗೆ ಎಷ್ಟಾಣೆ ವಾಸಿಯಾಯಿತು ಎಂಬುದನ್ನು ಹೇಳಿದ್ದಾರೆ. ನೋವು ಹೆಚ್ಚಿದಂತೆ ಆಣೆ ಇಳಿದಿದೆ, ಆಣೆ ಇಳಿದಂತೆ ಇಂಜೆಕ್ಷನ್ ಇಳಿದಿದೆ. ಇದನ್ನು ಬಿಡಿಸಿ ಹೇಳಿದಾಗ ಪಾಪ ಆ ಹುಡುಗನ ನಗು ಮಾಯವಾಯಿತು. "ಇಷ್ಟು ನೋವು ತಡೆದುಕೊಂಡರೆ ಬಿಪಿ ಏರದೆ ಇರುತ್ತಾ!" ಎನ್ನುತ್ತಾ ವಾಪಸ್ ಬಂದು, ಅತ್ತೆಯ ಕೈ ಹಿಡಿದು "ತಪ್ಪಾಯ್ತು ಅಜ್ಜಿ" ಎಂದು, ತಾವೇ ನಿಂತು ಇಂಜೆಕ್ಷನ್ ಕೊಡಿಸಿದರು. ಸ್ವಲ್ಪ ಹೊತ್ತಿಗೆ ಅತ್ತೆಯ ಗೊರಕೆ ಕೇಳಿಸಿತು. ಆ ಗೊರಕೆ ಕೇಳಿ ನನಗೆ ಅಳುವೇ ಬಂತು. ಸಂಜೆಗೆ ಬಿಪಿ ಇಳಿಯತೊಡಗಿತು.

ಮಂಗಳವಾರ ಮನೆಗೆ ಬಿಡುವ ಮೊದಲು ಡಾಕ್ಟರು ಬಹಳ ಹುಷಾರಾಗಿ ಕೇಳಿದರು: "ಅಜ್ಜಿ, ರೂಪಾಯಿಗೆ ಎಷ್ಟಾಣೆ ಕಮ್ಮಿ ಆಗಿದೆ?"

"ಹದಿನೈದಾಣಿ."

"ಹಾಗಾದರೆ ಉಳಿದ ಒಂದಾಣೆಗೂ ಗುಳಿಗೆ ಬರೆದುಕೊಡ್ತೀನಿ."

"ಬ್ಯಾಡ ತಮ್ಮಾ, ಅದೊಂದಾಣಿ ನನಗ ಇರ್ಲಿ! ಪೂರಾ ಆರಾಮ ಆಗೇನಿ ಅಂದ್ರ ಸಿರುಗುಪ್ಪದಾಗ ಹೋಳಿಗಿ ಲಟ್ಟಸಾಕ ಕುಂದ್ರಸ್ತಾರ. ಇನ್ನೂ ನೋಯ್ತೈತಿ ಅಂದ್ರ ಕುರ್ಚಿ ಹಾಕಿ, ಕೂಸಿನ್ನ ತಂದು ತೊಡಿಮ್ಯಾಲೆ ಇಡ್ತಾರ."