ಫಟಫಟಿಯ ಹಗ್ಗ

ನಾನು ಸುಲಭವಾಗಿ ಬೆರಗಾಗುವ ಆಸಾಮಿಯಲ್ಲ. ಮೇಟ್ಟೂರಿನಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಎದ್ದಾಗ ನಮ್ಮ ಕಡೆಯಲ್ಲಿ ಊರಿಗೆ ಊರೇ ಗಾಡಿ ಕಟ್ಟಿಕೊಂಡು ನೋಡಲು ಹೋಯಿತು. ಹೆಂಗಸರು ಕೆನ್ನೆ ಬಡಿದುಕೊಂಡರು, ಗಂಡಸರು ಬಾಯಿ ತೆರೆದು ನಿಂತರು. ನಾನು ಒಂದು ಕ್ಷಣ ದಿಟ್ಟಿಸಿ, ‘ನೀರು ತಕ್ಕಮಟ್ಟಿಗಿದೆ’ ಎಂದು ಒಪ್ಪಿಗೆ ಕೊಟ್ಟು, ನೆರಳು ಹುಡುಕಿ ಬುತ್ತಿ ಬಿಚ್ಚಿದೆ. ಬೆರಗನ್ನು ಕಂಡಕಂಡಲ್ಲಿ ಖರ್ಚು ಮಾಡಿದರೆ ಬೇಕಾದ ಹೊತ್ತಿಗೆ ಉಳಿದಿರುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಹೀಗೆ ಐವತ್ತು ಸಮೀಪಿಸುವವರೆಗೆ ಜೋಪಾನವಾಗಿ ಕೂಡಿಟ್ಟ ಬೆರಗನ್ನು ಒಂದೇ ವಾರದಲ್ಲಿ ಪೂರ್ತಿ ಖಾಲಿ ಮಾಡಿಸಿದ್ದು ಒಂದು ಫಟಫಟಿ. ಸರಿಯಾಗಿ ಹೇಳಬೇಕೆಂದರೆ, ಎರಡು ಫಟಫಟಿಗಳು ಮತ್ತು ನಮ್ಮ ಅತ್ತೆ.

ಓದುಗರಿಗೆ ನನ್ನ ಸ್ಥಿತಿಗತಿ ತಿಳಿದಿರಲಿ. ಮನೆ ಕಡಯಂಪಟ್ಟಿ. ಉದ್ಯೋಗ, ಸೇಲಂನ ನೂಲಿನ ಮಂಡಿಯೊಂದಕ್ಕೆ ಏಜೆಂಟುತನ. ನೂಲಿನ ಮಾದರಿಗಳನ್ನು ಚೀಲದಲ್ಲಿ ತುಂಬಿಕೊಂಡು ಒಂದು ವಾರ ಎಡಪ್ಪಾಡಿಯ ನೇಕಾರರ ಬೀದಿಗಳಲ್ಲಿ, ಇನ್ನೊಂದು ವಾರ ಪಾಲಕೋಡ್ ಕಡೆಯ ಸಂತೆಗಳಲ್ಲಿ ತಿರುಗುವುದು. ಈ ತಿರುಗಾಟಕ್ಕೆ ಆಧಾರವಾಗಿದ್ದದ್ದು ನನ್ನ ಹಳೆಯ ಮೋಟಾರು ಸೈಕಲ್ಲು, ಜನರ ಬಾಯಲ್ಲಿ ಫಟಫಟಿ. ಸ್ವದೇಶಕ್ಕೆ ಮರಳುತ್ತಿದ್ದ ಕಾಡಿನ ಇಲಾಖೆಯ ಬಿಳಿಯ ದೊರೆಯೊಬ್ಬ ಅದನ್ನು ನನಗೆ ದಾಟಿಸಿದ್ದ. ದಾಟಿಸುವಾಗ ಅವನ ಮುಖದಲ್ಲಿ ಕಂಡ ಸಂತೋಷವನ್ನು ಊರಿಗೆ ಹೋಗುವ ಸಂತೋಷವೆಂದು ನಾನು ಆಗ ಭಾವಿಸಿದ್ದೆ.

ಆ ಫಟಫಟಿಗೆ ಗೇರು, ಕ್ಲಚ್ಚು ಮುಂತಾದ ಆಧುನಿಕ ದುಶ್ಚಟಗಳಿರಲಿಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಒಂದು ಉದ್ದನೆಯ ಬೆಲ್ಟು, ರಾತ್ರಿ ಬಿಚ್ಚಿಟ್ಟು ಬೆಳಿಗ್ಗೆ ತೊಡಿಸುವುದು. ಅಷ್ಟೇ ಅದರ ಸಂಸಾರ. ಅದನ್ನು ಹೊರಡಿಸುವ ವಿಧಾನವೂ ಸರಳ. ಎರಡು ಕೈಯಲ್ಲಿ ಹಿಡಿದು ತಳ್ಳಿಕೊಂಡು ಓಡಬೇಕು. ಓಡುತ್ತಾ ಓಡುತ್ತಾ ಅದಕ್ಕೆ ಮನಸ್ಸು ಬಂದಾಗ ‘ಫಟ್’ ಎನ್ನುತ್ತದೆ. ಆ ಕ್ಷಣದಲ್ಲಿ ನೆಗೆದು ಮೇಲೆ ಕೂರಬೇಕು. ಕೂತರೆ ಏಜೆಂಟು, ಕೂರದಿದ್ದರೆ ಪಾದಚಾರಿ. ಮೂವತ್ತರ ಪ್ರಾಯದಲ್ಲಿ ಇದು ಪೌರುಷವಾಗಿ ಕಾಣುತ್ತಿತ್ತು. ಆದರೆ ವರ್ಷ ಕಳೆದಂತೆ ನಾನು ಸುತ್ತಳತೆಯಲ್ಲೂ ಅದು ಹಟದಲ್ಲೂ ಬೆಳೆದೆವು. ಎಡಪ್ಪಾಡಿಯಲ್ಲಿ ನಾನು ಲೆಕ್ಕ ಮುಗಿಸಿ ಎದ್ದರೆ ಸಾಕು, ಮಗ್ಗಗಳ ಸದ್ದು ನಿಲ್ಲುತ್ತಿತ್ತು.

“ಏಜೆಂಟ್ರು ಎದ್ರು ಕಣ್ರಲಾ, ಬನ್ನಿ ಬನ್ನಿ!”

“ಇವತ್ತು ಪಿಳ್ಳೆಯಾರ್ ಗುಡಿ ದಾಟಿ ಓಡ್ತಾರೆ ನೋಡು.”

“ಓಗ್ಲಾ, ದಾಟಾಕಿಲ್ಲ. ನಿನ್ನೆ ಉಂಡಿರೋದು ಇನ್ನಾ ಇಳ್ದಿಲ್ಲ ಅವರ್ಗೆ.”

ಒಂದು ದಿನ ಅದು ‘ಫಟ್’ ಎಂದದ್ದು ನಿಜ, ನಾನು ನೆಗೆದದ್ದೂ ನಿಜ. ಆದರೆ ಎರಡೂ ಒಂದೇ ಕಾಲಕ್ಕೆ ನಡೆಯಲಿಲ್ಲ. ಅದು ನನ್ನನ್ನು ಬಿಟ್ಟು ಬೀದಿಯ ಕೊನೆಯವರೆಗೆ ತಾನೊಂದೇ ಹೋಗಿ, ನೆಲದ ಮೇಲೆ ಹರಡಿದ್ದ ಹಾಸುನೂಲಿಗೆ ಸಿಕ್ಕಿಕೊಂಡು ನಿಂತಿತು. ಅದನ್ನು ಬಿಡಿಸುವಾಗ ಒಬ್ಬ ಮುದುಕ ನೇಕಾರ ನನ್ನ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ, “ಏಜೆಂಟ್ರೇ, ಇನ್ನ ನೀವು ಓಡೋ ಕಾಲ ಮುಗೀತು” ಎಂದ. ಮನೆಯಲ್ಲಿ ಬೇರೆ ಸಂಪಾದನೆಯಿಲ್ಲ. ಓಡಲಾಗದ ಏಜೆಂಟನ್ನು ಮಂಡಿ ಇಟ್ಟುಕೊಳ್ಳುವುದಿಲ್ಲ. ಓಡದೆ ಹೊರಡುವ ಫಟಫಟಿ ಸಿಕ್ಕಿದರೆ ಅನ್ನ, ಇಲ್ಲದಿದ್ದರೆ ಇಲ್ಲ.

ಸೇಲಂನ ಮೋಟಾರು ಅಂಗಡಿಯಲ್ಲಿ ಅಂಥದೊಂದು ಇತ್ತು. ಕಪ್ಪು ಮೈ, ಬಂಗಾರದ ಗೆರೆ, ಬೆಲ್ಟಿನ ಬದಲು ಕಬ್ಬಿಣದ ಚೈನು. ಅಲ್ಲಿಯ ಮ್ಯಾನೇಜರು ಯಂತ್ರದ ವಿಷಯವನ್ನು ಇಂಗ್ಲಿಷಿನಲ್ಲೂ ವ್ಯವಹಾರವನ್ನು ತಮಿಳಿನಲ್ಲೂ ಮಾತಾಡುವ ಕಟ್ಟುನಿಟ್ಟಿನ ಮನುಷ್ಯ. ಅವನು ಪಕ್ಕದಲ್ಲಿ ನಿಂತು, ಎಂಜಿನ್ನಿನ ಬದಿಗೆ ಚಾಚಿದ್ದ ಪುಟ್ಟದೊಂದು ಕಬ್ಬಿಣದ ಕಾಲನ್ನು ತನ್ನ ಬೂಟುಕಾಲಿನಿಂದ ಒಮ್ಮೆ ಒದ್ದ. ಒಂದೇ ಒದೆತ. ಎಂಜಿನ್ನು ಓಡತೊಡಗಿತು, ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು. ನಾನು ಗೋಡೆ ಹಿಡಿದುಕೊಂಡೆ. ನಿಂತಲ್ಲೇ ನಿಂತು ಓಡುವ ವಸ್ತುವೊಂದಿದೆ ಎಂದು ಹರಿಕಥೆಯಲ್ಲಿ ಕೇಳಿದ್ದೆ. ಅದು ಸೇಲಂನಲ್ಲಿ ಸಿಗುತ್ತದೆಂದು ದಾಸರು ಹೇಳಿರಲಿಲ್ಲ.

ಹಳೆಯದನ್ನು ಒಪ್ಪಿಸಿ ಹೊಸದನ್ನು ಒಯ್ಯುವುದೆಂದು ಮಾತಾಯಿತು. ಮ್ಯಾನೇಜರ ಷರತ್ತು ಒಂದೇ: “ಪಳಯ ವಂಡಿ ತಾನಾ ಓಡಿ ವರಣುಂ ಸಾರ್.” ಹಳೆಯ ಗಾಡಿ ತಾನಾಗಿ ಓಡಿಕೊಂಡು ಬರಬೇಕು, ಅದೂ ಶನಿವಾರ ಅಂಗಡಿ ಮುಚ್ಚುವುದರೊಳಗೆ. ತಪ್ಪಿದರೆ ಹೊಸದು ಏರ್ಕಾಡಿನ ಕಾಫಿತೋಟದ ದೊರೆಗೆ.

ಇನ್ನು ಅತ್ತೆ. ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ನಮ್ಮಲ್ಲಿ ಹಸುವನ್ನಾಗಲಿ ಎತ್ತನ್ನಾಗಲಿ ಮಾರಿದರೆ ಹಗ್ಗ ಕೊಡುವ ಪದ್ಧತಿಯಿಲ್ಲ. ದನ ಹೋಗಬಹುದು, ಹಗ್ಗದ ಜೊತೆ ಮನೆಯ ಲಕ್ಷ್ಮಿ ಹೋಗಬಾರದು. ಕೊಂಡವನೇ ತನ್ನ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು. ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ಹಗ್ಗ. ನಮ್ಮ ವಂಶದ ಗಂಡಸರ ಹೆಸರು ಕೇಳಿದರೆ ಅತ್ತೆ ತಡವರಿಸುತ್ತಾಳೆ. ಹಗ್ಗಗಳ ಹೆಸರನ್ನು ಮಾತ್ರ ಕಣ್ಣುಮುಚ್ಚಿ ಹೇಳುತ್ತಾಳೆ. “ಇದು ಕೆಂದಂದು. ಇದು ಕರಿಯಂದು. ಇದು ಹಾಯೋ ಗೌರಿದು.”

ಶನಿವಾರ ಬೆಳಿಗ್ಗೆ ನಾನು ಖಾಕಿ ಚಡ್ಡಿ ತೊಟ್ಟು, ಹೊಸ ಗಾಡಿಯ ಗೌರವಕ್ಕೆಂದು ತರಿಸಿದ್ದ ಚರ್ಮದ ಬೆಲ್ಟನ್ನು ಸೊಂಟಕ್ಕೆ ಬಿಗಿದು ಕೊಟ್ಟಿಗೆಗೆ ಬಂದೆ. ಹಳೆಯ ಫಟಫಟಿ ಅರಿಸಿನ ಕುಂಕುಮ ಮೆತ್ತಿಸಿಕೊಂಡು, ಹೂವು ಮುಡಿದು ನಿಂತಿತ್ತು. ಮುಂದಿನ ಚಕ್ರದೆದುರು ತಟ್ಟೆಯಲ್ಲಿ ನೆನೆಸಿದ ಹುರುಳಿ. ಅತ್ತೆ ಕೈಯಲ್ಲಿ ಬೆಲ್ಲದ ಉಂಡೆ ಹಿಡಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಪರೀಕ್ಷಿಸುತ್ತಿದ್ದಳು.

“ಇದರ ಬಾಯಿ ಯಾವುದ್ಲಾ?”

“ದೀಪ, ಅತ್ತೆ! ದೀಪಾನೇ ಬಾಯಿ!” ಎಂದು ಕೂಗಿದೆ. ಬೆಲ್ಲ ದೀಪದ ಗಾಜಿಗೆ ಸಂದಿತು, ಎಂಜಿನ್ನು ಉಳಿಯಿತು. ಸಮಾಧಾನದಿಂದ ಉಸಿರು ಬಿಟ್ಟು ಕೆಳಗೆ ನೋಡುತ್ತೇನೆ, ಎಂಜಿನ್ನಿನ ಬೆಲ್ಟು ಇಲ್ಲ.

“ಅತ್ತೆ, ಬೆಲ್ಟೆಲ್ಲಿ?”

“ಎಲ್ಲಿರ್ಬೇಕೋ ಅಲ್ಲೈತೆ.”

ಓಡಿಹೋಗಿ ನೋಡಿದೆ. ಗೌರಿಯ ಹಗ್ಗದ ಪಕ್ಕದಲ್ಲಿ ಹೊಸ ಮೊಳೆ. ಅದರಲ್ಲಿ ಕುಂಕುಮದ ಬೊಟ್ಟು ಹೊತ್ತು ಫಟಫಟಿಯ ಬೆಲ್ಟು ನೇತಾಡುತ್ತಿತ್ತು.

“ಅತ್ತೆ, ಅದು ಹಗ್ಗ ಅಲ್ಲ!”

“ದಿನಾ ಕತ್ತಿಗಾಕ್ತಿದ್ದೆ, ಬಿಚ್ಚಿದ್ರೆ ನಿಂತ್ಕೊತಿತ್ತು. ಹಗ್ಗ ಅಲ್ದೆ ಇನ್ನೇನ್ಲಾ, ಉಡಿದಾರವಾ?”

“ಅದಿಲ್ದಿದ್ರೆ ವಂಡಿ ಓಡೋದೇ ಇಲ್ಲ ಅತ್ತೆ.”

“ಅಂಗಾದ್ರೆ ಮಾತೇ ಇಲ್ಲ. ಹಗ್ಗ ಇಲ್ದಿದ್ರೂ ಎತ್ತು ನಡೀತದೆ. ಇದು ನಡಿಯಾಕಿಲ್ಲ ಅಂದ್ರೆ ಲಕ್ಷ್ಮಿ ಪೂರ್ತಿ ಹಗ್ಗದಾಗೇ ಕೂತವ್ಳೆ. ಅಂತಾದ್ದನ್ನ ಸೇಲಂಗೆ ಕಳಿಸ್ತೀಯಾ?”

ನಾನು ದಂಗಾದೆ. ಈ ತರ್ಕದಲ್ಲಿ ಬೆರಳು ತೂರಿಸುವಷ್ಟು ಸಂದಿಯಿರಲಿಲ್ಲ. “ಕೊಂಡ್ಕೊಳ್ಳೋನು ಹಗ್ಗ ತತ್ತಾನೆ. ತರ್ದಿದ್ರೆ ಅವನು ಎಂತಾ ಯಾಪಾರಿ?” ಎಂದು ಅವಳು ಒಳಗೆ ಹೋದಳು. ಬಾಗಿಲಲ್ಲಿದ್ದ ಹೆಂಡತಿಯ ಕಡೆ ನೋಡಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಅಳೆದು, “ಸೊಂಟದ ಬೆಲ್ಟೈತಲ್ಲಾ, ಅದನ್ನೇ ಆಕಿ. ಉದ್ದ ಸಾಕಾಗ್ತದೆ” ಎಂದಳು.

ತೆಂಗಿನ ನಾರಿನ ಹಗ್ಗ ಸುತ್ತಿ ಪ್ರಯತ್ನಿಸಿದೆ. ಬೀದಿಯ ಕೊನೆ ಮುಟ್ಟುವುದರೊಳಗೆ ಅದು ಹೊಗೆಯಾಯಿತು. ಹೊಗೆ ಕಂಡು ಪಕ್ಕದ ಮನೆಯ ಮುನಿಯಪ್ಪ ಬಂದ. “ಅಣ್ಣಾ, ನಮ್ ಎತ್ತಿನ ಜೋಡಿ ಸುಮ್ನೆ ನಿಂತೈತೆ. ಕಟ್ಟಾನಾ?” ಎಂದ. ಹೀಗೆ, ಮುಂದೆ ಮುನಿಯಪ್ಪನ ಎತ್ತಿನ ಗಾಡಿ, ಹಿಂದೆ ಹಗ್ಗದಲ್ಲಿ ಫಟಫಟಿ, ಅದರ ಮೇಲೆ ಹೂವಿನ ನಡುವೆ ನಾನು. ಸಾವಕಾಶವಾಗಿ ಸೇಲಂ ರಸ್ತೆ ಹಿಡಿದೆವು. ಓಮಲೂರಿನಲ್ಲಿ ಪರಿಚಯದವರೆಲ್ಲ ಅಂಗಡಿ ಬಿಟ್ಟು ಹೊರಗೆ ಬಂದರು.

“ಹೊಸಾದು ಬಂತಾ ಏಜೆಂಟ್ರೇ? ಎಂಜಿನ್ನು ಮುಂದ್ಕೆ ಇಟ್ಟವ್ರೆ!”

“ಪೆಟ್ರೋಲ್ ವೇಂಡಾಂ, ಹುಲ್ಲು ಸಾಕು!” ಎಂದು ಮುನಿಯಪ್ಪ ನನ್ನ ಪರವಾಗಿ ಉತ್ತರ ಕೊಟ್ಟ. ಎತ್ತುಗಳು ಮಾತ್ರ ಗಂಭೀರವಾಗಿದ್ದವು. ವರ್ಷಗಟ್ಟಲೆ ತಮ್ಮನ್ನು ಬೆದರಿಸಿ ಹಳ್ಳಕ್ಕೆ ಇಳಿಸಿದ್ದ ಪ್ರಾಣಿಯನ್ನು ಇಂದು ತಾವೇ ಎಳೆದೊಯ್ಯುತ್ತಿರುವ ಸಂಗತಿ ಅವುಗಳ ನಡಿಗೆಯಲ್ಲಿ ಕಾಣುತ್ತಿತ್ತು.

ಅಂಗಡಿ ಮುಟ್ಟಿದಾಗ ಬಾಗಿಲಿನ ಒಂದು ರೆಕ್ಕೆ ಮುಚ್ಚಿತ್ತು. ಬೆಂಚಿನ ಮೇಲೆ ಏರ್ಕಾಡಿನ ದೊರೆಯ ಬಟ್ಲರು ಕಾದು ಕೂತಿದ್ದ. ಮ್ಯಾನೇಜರು ಹೊರಗೆ ಬಂದು ಎತ್ತುಗಳನ್ನು ನೋಡಿದ, ಹಗ್ಗವನ್ನು ನೋಡಿದ, ನನ್ನನ್ನು ನೋಡಿದ. “ಎನ್ನ ಸಾರ್ ಇದು? ಓಡಿ ವರಣುಂ ಸೊನ್ನೇನೇ! ಬೆಲ್ಟ್ ಎಂಗೇ?” ಓಡಿಕೊಂಡು ಬರಬೇಕೆಂದು ಹೇಳಿದ್ದೆನಲ್ಲ, ಬೆಲ್ಟೆಲ್ಲಿ ಎಂಬುದು ಅವನ ಪ್ರಶ್ನೆ.

ದಾರಿಯುದ್ದಕ್ಕೂ ಒಂದು ಮರ್ಯಾದಸ್ಥ ಸುಳ್ಳನ್ನು ಹೊಸೆದುಕೊಂಡೇ ಬಂದಿದ್ದೆ. ಅದನ್ನು ಇಂಗ್ಲಿಷಿನಲ್ಲಿ ಆರಂಭಿಸುವಷ್ಟರಲ್ಲಿ ಮುನಿಯಪ್ಪ ಗಾಡಿಯ ಮೇಲಿಂದ, “ಹಗ್ಗ ಮನೇಲೈತೆ ಸಾಮಿ. ಅಮ್ಮ ಮೊಳೆಗಾಕವ್ರೆ” ಎಂದುಬಿಟ್ಟ.

ಎಲ್ಲ ಮುಗಿಯಿತೆಂದುಕೊಂಡೆ. ಬಟ್ಲರು ಎದ್ದು ಅಂಗಿ ಸರಿಮಾಡಿಕೊಂಡ. ಮ್ಯಾನೇಜರು ಬಗ್ಗಿ ಕುಂಕುಮವನ್ನು ನೋಡಿದ. ದೀಪದ ಗಾಜನ್ನು ಬೆರಳಿನಿಂದ ಮುಟ್ಟಿ ಅಂಟಾಗಿರುವುದನ್ನು ಕಂಡ. ಕನ್ನಡಕ ತೆಗೆದ. ಆಮೇಲೆ, ಇಷ್ಟು ದಿನ ಇಂಗ್ಲಿಷು ತಮಿಳು ಬಿಟ್ಟು ಬೇರೆ ಮಾತು ಆಡದ ಆ ಮನುಷ್ಯನ ಬಾಯಿಂದ ನಮ್ಮ ಅಡುಗೆಮನೆಯ ಕನ್ನಡ ಹೊರಬಿತ್ತು.

“ತಪ್ಪಾಯ್ತು ಕಣಣ್ಣಾ. ಹಗ್ಗ ಕೇಳ್ಬಾರ್ದಿತ್ತು. ನಮ್ದು ಪಾಲಕೋಡ್. ನಮ್ಮವ್ವಾನೂ ಕೊಡಾಕಿಲ್ಲ. ನಾನು ಸಣ್ಣೋನಿದ್ದಾಗ ಮಾರಿದ ಎತ್ತಿನ ಹಗ್ಗ ಇನ್ನಾ ತೊಲೇಲೈತೆ.”

ಅವನು ಒಳಗೆ ಹೋಗಿ ಉಗ್ರಾಣದಿಂದ ಒಂದು ಬೆಲ್ಟು ತಂದ. ಆಳಿನ ಕೈಗೆ ಕೊಡದೆ, ತಾನೇ ಎರಡೂ ಕೈಯಲ್ಲಿ ಹಿಡಿದು ತಂದು, ಬಗ್ಗಿ ಫಟಫಟಿಗೆ ತೊಡಿಸಿದ. ಕೊಂಡವನು ಹಗ್ಗ ತಂದಿದ್ದ. ಅತ್ತೆ ಹೇಳಿದಂತೆಯೇ ಅವನು ಸರಿಯಾದ ವ್ಯಾಪಾರಿ. ನಾನು ಹಿಡಿಕೆ ಹಿಡಿದು ಕೊನೆಯ ಸಲ ಓಡಿದೆ. ಯಾವತ್ತೂ ಬೀದಿಯುದ್ದ ಓಡಿಸುತ್ತಿದ್ದ ಆ ಹಟಮಾರಿ, ಅಂದು ನಾಲ್ಕು ಹೆಜ್ಜೆಗೇ ‘ಫಟ್’ ಎಂದಿತು. ನಾನು ನೆಗೆದು ಕೂತೆ, ಒಂದು ಸುತ್ತು ಹಾಕಿ ತಂದು ನಿಲ್ಲಿಸಿದೆ. ಇಳಿದಾಗ ಕಣ್ಣಿಗೆ ಧೂಳು ಬಿದ್ದಿತ್ತು. ಮ್ಯಾನೇಜರಿಗೂ ಬಿದ್ದಿತ್ತು. ಮೇಟ್ಟೂರು ಕಟ್ಟೆಯ ಮುಂದೆ ಉಳಿಸಿಕೊಂಡಿದ್ದೆನಲ್ಲ, ಆ ಬೆರಗಿನ ಬಂಡವಾಳ ಇಲ್ಲಿ ಮುಗಿಯಿತು.

ದೀಪ ಹಚ್ಚುವ ಹೊತ್ತಿಗೆ ಹೊಸ ಫಟಫಟಿಯಲ್ಲಿ ಮನೆ ಸೇರಿದೆ. ಅತ್ತೆ ಆರತಿ ಎತ್ತಿ, ಕುಂಕುಮವಿಟ್ಟು, “ಹಗ್ಗ ತಂದಿದ್ನಾ?” ಎಂದು ಕೇಳಿ ತೃಪ್ತಳಾದಳು. “ಎಲ್ಲಿ, ಓಡ್ಸು ನೋಡಾನ.” ಬೀದಿಯವರೆಲ್ಲ ನೆರೆದಿದ್ದರು. ನಾನು ಮ್ಯಾನೇಜರ ಭಂಗಿಯಲ್ಲೇ ನಿಂತು, ಕಾಲೆತ್ತಿ, ಒಂದೇ ಒಂದು ಸಲ ಒದ್ದೆ. ಎಂಜಿನ್ನು ನಿಂತಲ್ಲೇ ಹಾಡಿತು. ಬೆರಗನ್ನು ಸ್ವೀಕರಿಸಲು ಗಂಭೀರವಾಗಿ ತಿರುಗಿದೆ.

ಅತ್ತೆ ಆರತಿ ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿದಳು. “ಒದ್ಯಾ? ಅನ್ನ ಕೊಡೋದನ್ನ ಒದ್ಯೇನ್ಲಾ? ಇಟ್ಟ ಕುಂಕುಮ ಇನ್ನಾ ಅಂಗೇ ಐತೆ!”

“ಅತ್ತೆ, ಒದಿಯಾಕೆ ಅಂತ್ಲೇ ಬಿಲಾಯತಿಯಲ್ಲಿ ಮಾಡವ್ರೆ ಅದನ್ನ.”

“ಬಿಳೀ ದೊರೆ ಒದೀತಾನೆ. ಅವನು ಎಲ್ಲಾರ್ನೂ ಒದೀತಾನೆ. ನೀನು ನಾನು ಸಾಕಿದ ಮಗ.”

ನಾನು ಎಂಜಿನ್ನು ಆರಿಸಿ, ಗಾಡಿಯನ್ನು ಕೊಟ್ಟಿಗೆಗೆ ತಳ್ಳಿಕೊಂಡು ಹೋದೆ.

ಆದ್ದರಿಂದ ಈಗ ನಮ್ಮ ಸೀಮೆಯಲ್ಲೇ ಅತಿ ಹೊಸ ಮಾದರಿಯ, ಒಂದೇ ಒದೆತಕ್ಕೆ ಹೊರಡುವ ಫಟಫಟಿ ನನ್ನ ಹತ್ತಿರ ಇದೆ. ಪ್ರತಿದಿನ ಬೆಳಿಗ್ಗೆ ಅದನ್ನು ತಳ್ಳಿಕೊಂಡು ಓಡುತ್ತೇನೆ. ಹಳೆಯದಕ್ಕಿಂತ ಇದು ತೂಕ ಜಾಸ್ತಿ. ಅತ್ತೆ ಜಗಲಿಯ ಮೇಲೆ ಕೂತು ನೋಡುತ್ತಿರುತ್ತಾಳೆ. ಹುಣಸೆಮರದ ತಿರುವು ದಾಟಿದ ಮೇಲೆ ನಿಂತು, ದಮ್ಮು ತೆಗೆದುಕೊಂಡು, ಹಿಂದೆ ಮುಂದೆ ನೋಡಿ ಮೆಲ್ಲಗೆ ಒದೆಯುತ್ತೇನೆ. ಒದ್ದ ಮರುಕ್ಷಣ ಕೈ ತನ್ನಷ್ಟಕ್ಕೆ ಹೋಗಿ ಆ ಕಬ್ಬಿಣದ ಕಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತದೆ. ಮೊದಮೊದಲು ಅದು ಎಣ್ಣೆ ಸೋರುತ್ತಿದೆಯೇ ಎಂಬ ಪರೀಕ್ಷೆಯೆಂದು ನನಗೆ ನಾನೇ ಹೇಳಿಕೊಂಡೆ. ಎಡಪ್ಪಾಡಿಯಲ್ಲಿ, ಪಾಲಕೋಡಿನಲ್ಲಿ, ಒದ್ದಲ್ಲೆಲ್ಲ ಈ ಪರೀಕ್ಷೆ ನಡೆಯುತ್ತದೆ.

ಸಂಜೆ ಮನೆಗೆ ಬಂದಾಗ ಅತ್ತೆ ನನ್ನ ಮುಖ ನೋಡುತ್ತಾಳೆ. ಗಾಡಿಯನ್ನು ಒದ್ದೆಯಾ ಎಂದು ಅವಳು ಎಂದೂ ಕೇಳಿಲ್ಲ. ನನ್ನ ಎರಡು ರೆಪ್ಪೆಗಳ ಮೇಲೂ ಕಪ್ಪಗೆ ಗ್ರೀಸು ಮೆತ್ತಿರುತ್ತದೆ.

“ಒಲೆ ಮೇಲೆ ಬಿಸ್ನೀರೈತೆ, ಕಣ್ಣು ತೊಳ್ಕೋ ಓಗು” ಎನ್ನುತ್ತಾಳೆ, ಅಷ್ಟೆ.